ನೆಟ್ಟಗೆ ಮಾಡಿದ ಕಾಲುಗಳು

ಪರೀಕ್ಷೆಯ ದಿನ ನನ್ನ ಕಿಟಕಿಯಲ್ಲಿ ಮಾತಿಲ್ಲ. ಬೇಕಾದದ್ದನ್ನು ವಿದ್ಯಾರ್ಥಿ ಚೀಟಿಯಲ್ಲಿ ಬರೆದು ಒಳಗೆ ತಳ್ಳಬೇಕು, ಬರೆದ ಸಾಮಾನನ್ನು ನಾನು ತಟ್ಟೆಯಲ್ಲಿಟ್ಟು ಹೊರಗೆ ತಳ್ಳಬೇಕು. ಬೇರೆ ದಿನಗಳಲ್ಲಿ 'ಇದರ ಜೊತೆ ಅದೂ ಬೇಕಾದೀತು, ತಗೊಂಡು ಹೋಗು' ಎನ್ನುವ ಬಾಯಿಗೆ ಅವತ್ತು ಬೀಗ. ಈ ನಿಯಮ ಪರೀಕ್ಷೆ ನಡೆಸುವ ಬಾಯ್ಕೊ ಮೇಷ್ಟ್ರದು. ಗಣಿಯೊಳಗೆ ಯಂತ್ರ ಕೆಟ್ಟು ನಿಂತಾಗ ಕಿವಿಮಾತು ಹೇಳಲು ಪಕ್ಕದಲ್ಲಿ ಅಜ್ಜಿ ಇರುವುದಿಲ್ಲ ಎನ್ನುವುದು ಅವರ ವಾದ.

ಅಜ್ಜಿ ಎಂದರೆ ನಾನು. ನಮ್ಮ ಗಣಿ ಊರಿನ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಸಾಮಾನು ಕೋಣೆ ಇಪ್ಪತ್ತೆರಡು ವರ್ಷದಿಂದ ನನ್ನ ಕೈಯಲ್ಲಿದೆ. ನನ್ನ ಹೆಸರು ಐಲಿ. ನಮ್ಮ ಫಿನ್ನಿಶ್ ಮನೆಗಳಲ್ಲಿ ಅಜ್ಜಿಯನ್ನು 'ಮುಮ್ಮು' ಎನ್ನುತ್ತೇವೆ. ಯಾವಳೋ ಹುಡುಗಿ ಒಮ್ಮೆ ಬಾಯ್ತಪ್ಪಿ ನನ್ನನ್ನು ಹಾಗೆ ಕರೆದಳು. ಅಂದಿನಿಂದ ಫ್ರೆಂಚರ ಮಕ್ಕಳಿಗೂ ಉಕ್ರೇನಿನವರ ಮಕ್ಕಳಿಗೂ ನಾನು ಮುಮ್ಮು.

ಡಿಸೆಂಬರ್ ಎರಡನೆಯ ಮಂಗಳವಾರ. ಬೆಳಗಿನಿಂದ ಹಿಮ ಬೀಳುತ್ತಿತ್ತು. ಲ್ಯಾಬಿನ ಬಾಗಿಲಲ್ಲಿ ಒದ್ದೆ ಬೂಟುಗಳು ಸಾಲುಗಟ್ಟಿದ್ದವು. ನಡುವೆ ಪ್ಲೈವುಡ್ಡಿನ ಸುರಂಗ, ಒಂಬತ್ತು ಮೀಟರ್ ಉದ್ದ, ಎರಡು ತಿರುವು, ಮೇಲೆ ಕಪ್ಪು ಬಟ್ಟೆ. ಅದರ ಕೊನೆಯಲ್ಲಿ ಬಿಸಿನೀರು ತುಂಬಿದ ಒಂದು ಬಾಟಲಿ. ಗಣಿ ಕುಸಿದು ಒಳಗೆ ಸಿಕ್ಕಿಕೊಂಡ ಮನುಷ್ಯ ಆ ಬಾಟಲಿ. ವಿದ್ಯಾರ್ಥಿ ಕಟ್ಟಿದ ರೋಬಾಟ್ ತಾನೇ ಕತ್ತಲಲ್ಲಿ ಹೋಗಿ, ಬಿಸಿ ಎಲ್ಲಿದೆ ಎಂದು ಹುಡುಕಿ, ಮುಟ್ಟದೆ ಒಂದು ಗೇಣಿನೊಳಗೆ ನಿಂತು, ಮತ್ತೆ ಹೊರಗೆ ಬರಬೇಕು. ಒಬ್ಬ ವಿದ್ಯಾರ್ಥಿಗೆ ಮೂರು ಸರದಿ. ಅದರಲ್ಲಿ ಎರಡು ಗೆದ್ದರೆ ಪಾಸು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ರಿಪೇರಿಗೆಂದು ಅರ್ಧ ಗಂಟೆ ಬಿಡುವು.

ಒಬ್ಬೊಬ್ಬರ ಪಾಳಿಗೂ ಮುಂಚೆ ಬಾಯ್ಕೊ ಮೇಷ್ಟ್ರು ತಾವೇ ಕೆಟಲ್ ಹಿಡಿದು ಹೋಗಿ ಬಾಟಲಿಯ ನೀರು ಬದಲಾಯಿಸಿ ಬರುತ್ತಿದ್ದರು. ಕೊನೆಯ ವಿದ್ಯಾರ್ಥಿಗೆ ಆರಿದ ಬಾಟಲಿ ಸಿಗಬಾರದಲ್ಲ. ಗಟ್ಟಿ ಮನುಷ್ಯ ಎಂದು ಎಲ್ಲರೂ ಹೆದರುತ್ತಿದ್ದ ಆತ ಮಂಡಿ ಊರಿ ಬಟ್ಟೆಯಡಿಗೆ ತೂರಿ ಬಾಟಲಿಯನ್ನು ಅಂಗೈಯಿಂದ ಮುಟ್ಟಿ ನೋಡುವುದು ನನ್ನ ಕಿಟಕಿಯಿಂದ ಮಾತ್ರ ಕಾಣುತ್ತಿತ್ತು.

ಮೂರನೆಯ ಪಾಳಿ ನೋಯೆಲ್ಲಾ ತೆಸಿಯೆಯದು.

ಅವಳಿಗೆ ಮೂವತ್ತೆಂಟು. ಉಳಿದವರೆಲ್ಲ ಇಪ್ಪತ್ತರ ಆಸುಪಾಸಿನವರು. ಹನ್ನೆರಡು ವರ್ಷ ನೆಲದಡಿ ಅದಿರಿನ ಲಾರಿ ಓಡಿಸಿದವಳು. ಆಮೇಲೆ ಲಾರಿಗಳು ಚಾಲಕರಿಲ್ಲದೆ ತಾವೇ ಓಡಲು ಕಲಿತವು. 'ನನ್ನ ಸೀಟಿನಲ್ಲಿ ಕೂತ ಯಂತ್ರದ ಹೊಟ್ಟೆಯಲ್ಲಿ ಏನಿದೆ ಅಂತ ನೋಡ್ಲೇಬೇಕು ಮುಮ್ಮು' ಎಂದು ಮೊದಲ ದಿನ ನನ್ನ ಕಿಟಕಿಯಲ್ಲಿ ಹೇಳಿದ್ದಳು. ವಸಂತದಲ್ಲಿ ಇದೇ ಪರೀಕ್ಷೆಯಲ್ಲಿ ಒಮ್ಮೆ ಬಿದ್ದಿದ್ದಳು. ಎರಡನೆಯ ಸಲವೂ ಬಿದ್ದವರನ್ನು ಕೋರ್ಸಿನಿಂದ ತೆಗೆಯುತ್ತಾರೆ, ಮೂರನೆಯ ಸಲ ಎಂಬುದಿಲ್ಲ. ಪಾಸಾದರೆ ಗಣಿಯ ಯಂತ್ರಗಳ ರಿಪೇರಿ ಶೆಡ್ಡಿನಲ್ಲಿ ಜನವರಿಯಿಂದ ಅವಳಿಗೆ ಕೆಲಸ. ಜಾಗ ಕಾದಿಟ್ಟಿದ್ದರು, ಆದರೆ ಜನವರಿಯವರೆಗೆ ಮಾತ್ರ.

ಹಿಂದಿನ ಮೂರು ವಾರ ಅವಳು ಪಟ್ಟ ಪಾಡು ಲ್ಯಾಬಿನ ಗೋಡೆಗಳಿಗೂ ಗೊತ್ತು. ಅವಳ ರೋಬಾಟ್ ಮೊದಲ ಮೂರು ನಿಮಿಷ ಜಿಂಕೆಯಂತೆ ಓಡುತ್ತಿತ್ತು. ಆಮೇಲೆ ಎಡಗಾಲಿ ಸೋಲುತ್ತಿತ್ತು, ಯಂತ್ರ ಎಡಕ್ಕೆ ವಾಲಿಕೊಂಡು ಹೋಗಿ ಗೋಡೆಗೆ ಗುದ್ದುತ್ತಿತ್ತು. ಮೋಟಾರ್ ಬದಲಾಯಿಸಿದಳು. ಗಾಲಿಗಳಿಗೆ ಶಕ್ತಿ ಹಾಯಿಸುವ ಚಿಪ್ ಒಂದಿದೆ, ಎರಡು ಕಡೆ ಎಂಟೆಂಟು ಕಾಲುಗಳಿರುವ ಕಪ್ಪು ಜೀರುಂಡೆಯಂಥದ್ದು. ನನ್ನ ಕಿಟಕಿಗೆ ಬಂದು ಅದನ್ನೂ ಬದಲಾಯಿಸಿಕೊಂಡು ಹೋದಳು. ಹೊಸದು ಹಾಕಿದರೂ ಅದೇ ಕಥೆ. ಹಾಗಾದರೆ ತಪ್ಪು ಸಾಮಾನಿನದಲ್ಲ, ತಾನು ಬರೆದ ಪ್ರೋಗ್ರಾಮಿನದು ಎಂದು ತೀರ್ಮಾನಿಸಿ ಅದನ್ನೇ ಅಳಿಸಿ ಅಳಿಸಿ ಬರೆದಳು.

ಅವಳ ಪಕ್ಕದ ಮೇಜಿನ ಲೈಲ್ ಮಿಗ್ವಾನ್ಸ್ ನಮ್ಮೂರ ಹತ್ತಿರದ ಮ್ಯಾನಿಟೂಲಿನ್ ದ್ವೀಪದ ಹುಡುಗ, ಬಾಯಿಬಡುಕ. "ಅಕ್ಕಾ, ನಿನ್ನ ರೋಬಾಟ್‌ಗೆ ಹನ್ನೆರಡು ವರ್ಷದ ಅಭ್ಯಾಸ. ಮೂರು ನಿಮಿಷ ಕೆಲಸ, ಆಮೇಲೆ ಎಡಕ್ಕೆ ತಿರುಗಿ ಕ್ಯಾಂಟೀನು" ಎಂದು ರೇಗಿಸುತ್ತಿದ್ದ. ಅವಳು ಒಂದು ವಾರ ನಕ್ಕಳು. ಎರಡನೆಯ ವಾರ ನಗಲಿಲ್ಲ. ಮೂರನೆಯ ವಾರ ಅವನು ರೇಗಿಸುವುದನ್ನು ಬಿಟ್ಟು, ಅವಳು ಪ್ರೋಗ್ರಾಂ ಬರೆಯುತ್ತ ಕೂತಾಗ ತಾನೂ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದ.

ಮೊದಲ ಸರದಿ ಚೆನ್ನಾಗಿ ಆಯಿತು. ರೋಬಾಟ್ ಒಳಗೆ ಹೋಯಿತು, ನಿಂತಿತು, ಬಂತು. ಎರಡು ನಿಮಿಷ ನಲವತ್ತು ಸೆಕೆಂಡು. ನೋಯೆಲ್ಲಾ ಉಸಿರು ಬಿಟ್ಟಿದ್ದು ನನ್ನ ಕಿಟಕಿಗೆ ಕೇಳಿಸಿತು. ತಾನು ಬರೆದದ್ದು ಕೊನೆಗೂ ಸರಿಹೋಯಿತು ಎಂದುಕೊಂಡಿರಬೇಕು. ಯಂತ್ರವನ್ನು ಆರಿಸದೆ, ಹಾಗೇ ಎತ್ತಿಕೊಂಡು ಎರಡನೆಯ ಸರದಿಗೆ ಇಟ್ಟಳು.

ಆ ಹೊತ್ತಿಗೆ ಸರಿಯಾಗಿ ಟಾಮ್ಸಿನ್ ರೀಡ್ ನನ್ನ ಕಿಟಕಿಗೆ ಬಂದಳು. ಸಂಜೆಯ ತರಗತಿಗೆ ಸೆಪ್ಟೆಂಬರಿನಲ್ಲಿ ಸೇರಿದ ಹೊಸ ಮೇಡಂ, ನಯವಾದ ಹುಡುಗಿ. ಪ್ರತಿ ತಿಂಗಳ ಹಾಗೆ ಒಂದು ಬಿಸ್ಕತ್ತಿನ ಡಬ್ಬಿ ತಂದಿದ್ದಳು.

"ಈ ತಿಂಗಳು ಸತ್ತ ಚಿಪ್ಪು ಇಷ್ಟು ಮುಮ್ಮು" ಎಂದು ಪಿಸುಗುಟ್ಟಿದಳು. "ಎಂದಿನ ಹಾಗೆ ಮೊದಲ ಕಾಲು ಬಗ್ಗಿಸಿದೀವಿ. ನೀವು ಬಿಸಾಕಿಬಿಡಿ."

ನಾನು ಡಬ್ಬಿ ತೆಗೆದುಕೊಂಡೆ. ಆಮೇಲೆ ಅವಳ ಮಾತು ನನ್ನೊಳಗೆ ಇಳಿಯಿತು.

ನಮ್ಮ ಲ್ಯಾಬಿನ ರೂಢಿ ಬೇರೆ. ಪೂರ್ತಿ ಸುಟ್ಟದ್ದಿರಲಿ, ಕಾದಾಗ ಸೋಲುವಂಥದ್ದಿರಲಿ, ಚಿಪ್ ಸತ್ತಿತೆಂದು ಖಾತ್ರಿಯಾದರೆ ಅದರ ಒಂದು ಕಾಲನ್ನು ಇಕ್ಕಳದಿಂದ ಚಟ್ಟನೆ ಮುರಿದು ಹಾಕುತ್ತೇವೆ, ಮತ್ತೆ ಯಾರೂ ತಿಳಿಯದೆ ಬಳಸದಿರಲಿ ಎಂದು. ಬಗ್ಗಿದ ಕಾಲು ನಮಗೆ ಸಾವಿನ ಗುರುತಲ್ಲ. ಹೊಸಬರು ಚಿಪ್ಪನ್ನು ಅವಸರದಲ್ಲಿ ಕಿತ್ತರೆ ಮೂಲೆಯ ಕಾಲು ಬಗ್ಗಿಯೇ ಬಗ್ಗುತ್ತದೆ. ಅಂಥವನ್ನು ನಾನು ಚಪ್ಪಟೆ ಮೂತಿಯ ಇಕ್ಕಳದಲ್ಲಿ ಹಿಡಿದು, ನಿಧಾನವಾಗಿ ನೆಟ್ಟಗೆ ಮಾಡಿ, ಮತ್ತೆ ಡ್ರಾಯರಿಗೆ ಸೇರಿಸುತ್ತೇನೆ. ಒಳ್ಳೆಯ ಸಾಮಾನನ್ನು ಎಸೆಯಲು ನನ್ನ ಕೈ ಬರುವುದಿಲ್ಲ. ಟಾಮ್ಸಿನ್ ಬೇರೆ ಊರಿನಲ್ಲಿ ಕಲಿತವಳು. ಅವಳ ಕಡೆ ಬಗ್ಗಿಸುವುದೇ ಸಾವಿನ ಗುರುತು.

ಸೆಪ್ಟೆಂಬರಿನಿಂದ ಅವಳು ಕೊಟ್ಟ ಡಬ್ಬಿಗಳು ಮೂರು. ಮೊದಲ ಸಲ ಡಬ್ಬಿ ಕೊಡುವಾಗ ಅವಳು ಏನೋ ಹೇಳಿದ್ದಳು, ಆಗ ಕಿಟಕಿಯಲ್ಲಿ ಎಂಟು ಜನ ಗದ್ದಲ ಹಾಕುತ್ತಿದ್ದರು. 'ಪಾಪ, ಸಂಜೆಯ ಮಕ್ಕಳ ಬೆರಳು ಒರಟು' ಎಂದುಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ರೇಡಿಯೋ ಕೇಳುತ್ತ, ನಾನು ಆ ಸತ್ತ ಚಿಪ್ಪುಗಳ ಕಾಲನ್ನೆಲ್ಲ ಒಂದೊಂದಾಗಿ ನೆಟ್ಟಗೆ ಮಾಡಿದ್ದೆ. ಹದಿನಾಲ್ಕನೆಯ ಡ್ರಾಯರಿಗೆ ಹಾಕಿದ್ದೆ. ನೋಯೆಲ್ಲಾ ನವೆಂಬರಿನಲ್ಲಿ ತೆಗೆದುಕೊಂಡದ್ದು ಅದರಿಂದಲೇ. ಬದಲಾಯಿಸಿಕೊಂಡು ಹೋದದ್ದೂ ಅದರಿಂದಲೇ.

"ಏನಾಯ್ತು, ಕೂತ್ಕೊಳ್ಳಿ" ಎಂದಳು ಟಾಮ್ಸಿನ್. ನಾನು ಅವಳಿಗೆ ನಾಲ್ಕು ಮಾತಿನಲ್ಲಿ ಹೇಳಿದೆ. ಅವಳು ತನ್ನದೂ ತಪ್ಪೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎರಡನೆಯ ಸರದಿ ಶುರುವಾಗಿತ್ತು.

ಕತ್ತಲ ಸುರಂಗದೊಳಗೆ ಏನೂ ಕಾಣುವುದಿಲ್ಲ, ಗಾಲಿಗಳ ಸದ್ದು ಮಾತ್ರ ಕೇಳುತ್ತದೆ. ಮೊದಲ ತಿರುವಿನವರೆಗೆ ಸದ್ದು ಒಂದೇ ಸಮ ಇತ್ತು. ಆಮೇಲೆ ಅದರಲ್ಲಿ ಒಂದು ಕುಂಟು ಸೇರಿತು. ನಾನು ಕಿಟಕಿಯ ಅಂಚನ್ನು ಹಿಡಿದುಕೊಂಡೆ. ಕುಂಟು ಜಾಸ್ತಿಯಾಯಿತು, ಮತ್ತೆ ಪ್ಲೈವುಡ್ಡಿಗೆ ಡಬ್ಬೆಂದು ಬಡಿದ ಸದ್ದು. ಗಾಲಿಗಳು ಗೋಡೆಯನ್ನು ಕೆರೆಯುತ್ತಲೇ ಇದ್ದವು.

ಬಾಯ್ಕೊ ಮೇಷ್ಟ್ರು ಗಡಿಯಾರ ನೋಡಿ, "ಎರಡನೇದು ಹೋಯ್ತು. ಅರ್ಧ ಗಂಟೆ" ಎಂದರು.

ನೋಯೆಲ್ಲಾ ಬಟ್ಟೆ ಎತ್ತಿ ರೋಬಾಟನ್ನು ಹೊರಗೆ ತೆಗೆದಳು. ಎಡವಿದ ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡು ಕೈಯಲ್ಲೂ ಎತ್ತಿಕೊಂಡು ಮೇಜಿಗೆ ತಂದಳು. ಚೀಟಿಯಲ್ಲಿ ಏನೋ ಬರೆದು ನನ್ನ ಕಿಟಕಿಗೆ ಬಂದಳು. ಮುಖ ನೋಡಲಿಲ್ಲ. ಚೀಟಿಯಲ್ಲಿ 'ಬ್ಯಾಟರಿ, ನಾಲ್ಕು' ಎಂದಿತ್ತು.

ಬ್ಯಾಟರಿ ಅಲ್ಲ ಮಗಳೇ. ಹೇಳುವಂತಿರಲಿಲ್ಲ. ನಾಲ್ಕು ಬ್ಯಾಟರಿ ಎಣಿಸಿ ತಟ್ಟೆಯಲ್ಲಿಟ್ಟು ತಳ್ಳಿದೆ.

ಅವಳು ಹೋದ ಕೂಡಲೇ ಕೋಣೆಯ ಬಾಗಿಲು ತೆಗೆದು ಬಾಯ್ಕೊ ಮೇಷ್ಟ್ರ ಹತ್ತಿರ ಹೋದೆ. ಅವರು ಬಾಗಿಲ ಬಳಿ ನಿಂತಿದ್ದರು. ಮುಂದಿನ ಪಾಳಿ ಲೈಲ್‌ನದು, ಅವನೂ ತನ್ನ ರೋಬಾಟ್ ಹಿಡಿದು ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ದನಿ ತಗ್ಗಿಸಿ ಹೇಳಿದೆ.

"ಅವಳ ಯಂತ್ರದಲ್ಲಿರೋದು ಸತ್ತ ಚಿಪ್. ಕೊಟ್ಟೋಳು ನಾನು. ಎರಡು ಸಲ ಕೊಟ್ಟಿದೀನಿ."

ಉಳಿದದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ಮತ್ತೆ ಹಾಕಿಕೊಂಡರು.

"ಈಗ ಯಾರಾದ್ರೂ ಅವಳಿಗೆ ಹೇಳಿದ್ರೆ ಪರೀಕ್ಷೆ ರದ್ದು ಮಾಡ್ಬೇಕಾಗತ್ತೆ ಐಲಿ. ನಾನೇ ಹೇಳಿದ್ರೂ ಅಷ್ಟೇ."

"ರದ್ದು ಮಾಡಿ ಇನ್ನೊಂದು ದಿನ ಕೊಡಿ. ತಪ್ಪು ನಂದು ಅಂತ ಬರೀರಿ."

"ಇನ್ನೊಂದು ದಿನ ಅಂದ್ರೆ ಏಪ್ರಿಲ್. ಶೆಡ್ಡಿನೋರು ಏಪ್ರಿಲ್ ತನಕ ಕಾಯ್ತಾರಾ?"

ಕಾಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ತಪ್ಪು ಹುಡುಕೋದೇ ಈ ಪರೀಕ್ಷೆ" ಎಂದರು ಅವರು. ಗದರುವ ದನಿಯಲ್ಲ. "ಇನ್ನೂ ಇಪ್ಪತ್ತನಾಲ್ಕು ನಿಮಿಷ ಇದೆ. ಅವಳಾಗಿ ಹುಡುಕಿ ಕೇಳಿದ್ರೆ, ಒಳ್ಳೇದನ್ನ ಕೊಡಿ. ಅಷ್ಟು ನಿಮ್ಮ ಕೈಲಿದೆ."

ನಾನು ವಾಪಸು ಬಂದು ಹದಿನಾಲ್ಕನೆಯ ಡ್ರಾಯರನ್ನು ಎಳೆದೆ. ಒಳಗೆ ಹನ್ನೊಂದು ಚಿಪ್ಪುಗಳಿದ್ದವು. ಸೆಪ್ಟೆಂಬರಿನ ಹೊಸ ಪೆಟ್ಟಿಗೆಯಲ್ಲಿ ಉಳಿದವು ಒಂದೋ ಎರಡೋ, ಮಿಕ್ಕವು ಸಂಜೆಯ ಡಬ್ಬಿಯವು. ಯಾವುದು ಯಾವುದೆಂದು ನೋಡಲು ದೀಪದ ಭೂತಗನ್ನಡಿ ಹಚ್ಚಿದೆ. ಒಮ್ಮೆ ಬಗ್ಗಿದ ತಗಡು ನೆಟ್ಟಗಾದರೂ ಬಗ್ಗಿದ ಕಡೆ ಬಿಳಿಯ ಗೆರೆ ಉಳಿಯುತ್ತದೆ. ಮೊದಲನೆಯದರಲ್ಲಿ ಗೆರೆ ಕಾಣಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಇದೆಯೆನಿಸಿತು, ಕಣ್ಣೊರೆಸಿ ನೋಡಿದರೆ ನನ್ನ ರೆಪ್ಪೆಯ ನೆರಳು. ಗೆರೆ ಉಳಿದರೆ ಚಂದವಲ್ಲ ಎಂದು ನಾನೇ ಇಕ್ಕಳದಿಂದ ಒತ್ತಿ ಒತ್ತಿ ಅದನ್ನೂ ಅಳಿಸಿಹಾಕಿದ್ದೆ. ಅಷ್ಟು ಅಚ್ಚುಕಟ್ಟಾಗಿತ್ತು ನನ್ನ ಕೆಲಸ.

ಓಡಿಸಿ ನೋಡಬೇಕೆಂದರೆ ಒಂದೊಂದಕ್ಕೆ ಮೂರು ನಾಲ್ಕು ನಿಮಿಷ. ಟಾಮ್ಸಿನ್ ಹೇಳದೆಯೇ ಒಳಗೆ ಬಂದು ಹಳೆಯ ಮೋಟಾರೊಂದಕ್ಕೆ ತಂತಿ ಸಿಕ್ಕಿಸಿ ಮೊದಲ ಚಿಪ್ಪನ್ನು ಪರೀಕ್ಷಿಸಲು ಕೂತಳು. ನಾಲ್ಕು ನಿಮಿಷಕ್ಕೆ ಅದು ಸೋತಿತು. ಎರಡನೆಯದಕ್ಕೆ ಕೈ ಹಾಕಿದಳು.

ಹೊರಗೆ ನೋಯೆಲ್ಲಾ ಬ್ಯಾಟರಿ ಹಾಕಿ ಓಡಿಸಿದಳು. ಎಡಗಾಲಿ ಮತ್ತೆ ಸೋತಿತು. ಅವಳು ಸ್ವಲ್ಪ ಹೊತ್ತು ಮೇಜಿನ ಮೇಲೆ ಎರಡೂ ಕೈ ಊರಿ ನಿಂತಳು. ಆಮೇಲೆ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು.

ಆ ಪ್ರೋಗ್ರಾಂ ಸರಿಯಾಗಿಯೇ ಇತ್ತು. ಬಹುಶಃ ಮೊದಲ ವಾರ ಬರೆದದ್ದೂ ಸರಿಯಾಗಿಯೇ ಇತ್ತು. ಈಗ ಅವಸರದಲ್ಲಿ ಅದನ್ನು ಕೆಡಿಸಿದರೆ, ಒಳ್ಳೆಯ ಚಿಪ್ ಸಿಕ್ಕರೂ ಉಪಯೋಗವಿಲ್ಲ. ಅವಳು ಒಂದು ಸಾಲು ಅಳಿಸಿದಳು. ಮತ್ತೆ ಒಂದು. ಬಾಯ್ಕೊ ಮೇಷ್ಟ್ರು ಅವಳ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಅವರ ಕೈ ಬೆನ್ನ ಹಿಂದಿತ್ತು, ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಹದಿನಾರು ನಿಮಿಷ ಉಳಿದಿತ್ತು.

ಬೆಂಚಿನ ಮೇಲಿದ್ದ ಲೈಲ್ ಕಾಲು ಕುಣಿಸುತ್ತಿದ್ದ. ನಾನು ಮೇಷ್ಟ್ರಿಗೆ ಹೇಳಿದ್ದೆಲ್ಲ ಅವನ ಕಿವಿಗೆ ಬಿದ್ದಿತ್ತು ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಬಾಯಿಬಡುಕನಿಗೆ ಬಾಯಿ ಮುಚ್ಚಿ ಕೂರುವ ಶಿಕ್ಷೆ. ಎರಡು ಸಲ ಎದ್ದ, ಎರಡು ಸಲ ಕೂತ.

ಹದಿಮೂರು ನಿಮಿಷ ಇದ್ದಾಗ ನೋಯೆಲ್ಲಾ ಬರೆಯುವುದನ್ನು ನಿಲ್ಲಿಸಿದಳು. ಏನು ಹೊಳೆಯಿತೋ, ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ ರೋಬಾಟನ್ನು ಹೊಟ್ಟೆ ಮೇಲಾಗಿ ಮಲಗಿಸಿ ಗಾಲಿಗಳನ್ನು ಗಾಳಿಯಲ್ಲೇ ಓಡಲು ಬಿಟ್ಟಳು. ಲಾರಿಯವರಿಗೆ ಒಂದು ಅಭ್ಯಾಸವಿರುತ್ತದೆ. ಇಳಿಜಾರು ಮುಗಿದ ಮೇಲೆ ಕೆಳಗಿಳಿದು ಗಾಲಿಗಳ ಸುತ್ತ ಒಂದು ಸುತ್ತು ಬಂದು, ಬ್ರೇಕ್ ಕಾದಿದೆಯೇ ಎಂದು ಒಂದೊಂದಕ್ಕೂ ಕೈಯ ಹಿಂಭಾಗ ಹಿಡಿದು ನೋಡುತ್ತಾರೆ. ಅವಳು ಹಾಗೇ ಬಲಗಡೆಯ ಮೋಟಾರಿಗೆ ಬೆರಳಿನ ಹಿಂಭಾಗ ತಾಗಿಸಿದಳು. ಎಡಗಡೆಯದಕ್ಕೆ ತಾಗಿಸಿದಳು. ಬ್ಯಾಟರಿಗೆ, ತಂತಿಗೆ. ಕೊನೆಗೆ ಚಿಪ್ಪಿಗೆ.

ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

ಮತ್ತೊಮ್ಮೆ ತಾಗಿಸಿದಳು, ನಂಬಿಕೆ ಬಾರದವಳ ಹಾಗೆ. ತಲೆ ಅಲ್ಲಾಡಿಸಿದಳು. ಅದನ್ನು ಬದಲಾಯಿಸಿ ಆಗಿತ್ತಲ್ಲ. ಎರಡು ಚಿಪ್ಪುಗಳಿಗೆ ಒಂದೇ ರೋಗ ಹೇಗೆ ಬರುತ್ತದೆ? ಅವಳ ಮನಸ್ಸಿನಲ್ಲಿ ಹೀಗೇ ಓಡುತ್ತಿತ್ತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಲ್ಯಾಪ್‌ಟಾಪಿನ ಕಡೆ ನೋಡಿದಳು, ಚಿಪ್ಪಿನ ಕಡೆ ನೋಡಿದಳು.

ಅವಳು ತನ್ನ ಬೆರಳನ್ನೇ ನಂಬಿದಳು. ಅಳಿಸಿದ್ದ ಸಾಲುಗಳನ್ನು ಮತ್ತೆ ಇದ್ದಂತೆ ಮಾಡಿ, ಚೀಟಿ ಬರೆದು, ಕಿಟಕಿಗೆ ಬಂದು ತಳ್ಳಿದಳು. 'ಮೋಟಾರ್ ಚಿಪ್, ಒಂದು.' ಈ ಸಲ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ, ಅವಳ ಹುಬ್ಬು ಗಂಟಿಕ್ಕಿತು. ಒಂಬತ್ತು ನಿಮಿಷ.

ಟಾಮ್ಸಿನ್ ಕೈಯಲ್ಲಿ ಮೂರನೆಯದು ಓಡುತ್ತಿತ್ತು. ಎರಡನೆಯದೂ ಸೋತಿತ್ತು. ಉಳಿದ ಎಂಟು ನನ್ನ ಮುಂದೆ ಸಾಲಾಗಿ ಮಲಗಿದ್ದವು, ಒಂದನ್ನೊಂದು ಹೋಲುವ ಎಂಟು. ಅವುಗಳಲ್ಲೊಂದನ್ನು ಕಣ್ಣು ಮುಚ್ಚಿ ಎತ್ತಿ ಕೊಡಬೇಕೇ? ಕೊಡುವುದಿಲ್ಲ ಎಂದರೆ ಏಕೆ ಎಂದು ಹೇಳಬೇಕು, ಹೇಳಿದರೆ ಪರೀಕ್ಷೆ ರದ್ದು. ನೋಯೆಲ್ಲಾ ತಟ್ಟೆಗಾಗಿ ಕೈ ಚಾಚಿ ನಿಂತಿದ್ದಳು.

"ಸ್ವಲ್ಪ ಸರೀತೀಯಾ ಅಕ್ಕಾ" ಎಂದು ದನಿ ಕೇಳಿತು. ಲೈಲ್ ಅವಳ ಪಕ್ಕದಿಂದ ತೋಳು ತೂರಿಸಿ ಕಿಟಕಿಯ ಕಟ್ಟೆಯ ಮೇಲೆ ಏನೋ ಇಟ್ಟ. ಬೆರಳುದ್ದದ ಕಪ್ಪು ಸ್ಪಂಜು, ಅದರಲ್ಲಿ ಕಾಲೂರಿದ ಒಂದು ಚಿಪ್. ಜೊತೆಗೆ ಚೀಟಿ, 'ವಾಪಸು' ಎಂದು.

ಸೆಪ್ಟೆಂಬರಿನ ಮೊದಲ ವಾರ ಹೊಸ ಪೆಟ್ಟಿಗೆ ಒಡೆದ ದಿನ, ಅವನು ಎರಡು ತೆಗೆದುಕೊಂಡಿದ್ದ. ಒಂದು ಅವನ ರೋಬಾಟಿನಲ್ಲಿತ್ತು. ಇನ್ನೊಂದು ಇದು. ಸ್ಪಂಜಿನಿಂದ ಒಮ್ಮೆಯೂ ಹೊರಬಂದಿರಲಿಲ್ಲ.

"ಮುಂದಿನ ಪಾಳಿ ನಿಂದು" ಎಂದೆ ನಾನು. ಅವನ ಪಾಳಿ ಇನ್ನೂ ಶುರುವಾಗದ್ದರಿಂದ ಅವನೊಂದಿಗೆ ಮಾತಾಡಲು ನನಗೆ ಅಡ್ಡಿಯಿರಲಿಲ್ಲ.

"ನನಗೆ ಬೇಡದ ಸಾಮಾನು ಮುಮ್ಮು. ಜೇಬಲ್ಲಿ ಚುಚ್ಚತ್ತೆ."

ನಾನು ಬಾಯ್ಕೊ ಮೇಷ್ಟ್ರ ಕಡೆ ನೋಡಿದೆ. ಅವರು ಎಲ್ಲವನ್ನೂ ನೋಡಿದ್ದರು. ಆಮೇಲೆ ಅವರು ಯಾರನ್ನೂ ಉದ್ದೇಶಿಸದೆ, "ವಾಪಸು ಬಂದ ಸಾಮಾನು ಕಿಟಕಿಗೆ ಸೇರಿದ್ದು" ಎಂದು ಹೇಳಿ, ಕೆಟಲ್ ಎತ್ತಿಕೊಂಡು ಆರಿದ ಬಾಟಲಿಯ ನೀರು ಬದಲಾಯಿಸಲು ಹೋದರು.

ನಾನು ಸ್ಪಂಜನ್ನು ತಟ್ಟೆಯಲ್ಲಿಟ್ಟು ತಳ್ಳಿದೆ.

ನೋಯೆಲ್ಲಾ ಓಡಲಿಲ್ಲ. ನೆಲದಡಿ ಹನ್ನೆರಡು ವರ್ಷ ಕಳೆದವರು ಓಡುವುದಿಲ್ಲ. ಹಳೆಯ ಚಿಪ್ಪನ್ನು ತೆಳ್ಳನೆಯ ಸ್ಕ್ರೂಡ್ರೈವರಿನಿಂದ ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಸ್ವಲ್ಪ ಎಬ್ಬಿಸಿ ತೆಗೆದಳು. ಹೊಸದರ ಹದಿನಾರು ಕಾಲುಗಳನ್ನು ಸಾಲಿಗೆ ತಂದು ಹೆಬ್ಬೆರಳಿನಿಂದ ಒತ್ತಿದಳು. ನಾಲ್ಕು ನಿಮಿಷ ಉಳಿದಿತ್ತು. ಓಡಿಸಿ ಬಿಸಿಯಾಗುವವರೆಗೆ ಕಾದು ನೋಡಲು ಸಮಯವಿರಲಿಲ್ಲ. ಹಾಗೇ ಒಯ್ದು ಸುರಂಗದ ಬಾಯಲ್ಲಿಟ್ಟಳು.

ಸ್ವಿಚ್ ಒತ್ತಿದಳು.

ಗಾಲಿಗಳ ಸದ್ದು ಒಳಗೆ ಹೋಯಿತು. ಮೊದಲ ತಿರುವು. ಈ ಸದ್ದನ್ನು ಇಷ್ಟು ಕಿವಿಗೊಟ್ಟು ಯಾರೂ ಕೇಳಿರಲಾರರು. ಟಾಮ್ಸಿನ್ ನನ್ನ ಭುಜ ಹಿಡಿದಿದ್ದಳು, ಹಿಡಿದಿರುವುದು ಅವಳಿಗೇ ಗೊತ್ತಿರಲಿಲ್ಲ. ಎರಡನೆಯ ತಿರುವು. ಸದ್ದು ಸಣ್ಣದಾಯಿತು, ಆದರೆ ಕುಂಟಲಿಲ್ಲ. ಆಮೇಲೆ ನಿಂತಿತು.

ನಿಂತದ್ದು ಬಾಟಲಿಯ ಮುಂದೆಯೋ, ಸತ್ತು ನಿಂತಿತೋ, ಹೇಳುವವರು ಯಾರು? ಒಳಗೆ ಅದು ಬಿಸಿಯನ್ನು ಮೂರು ಸಲ ಅಳೆದು ನೋಡಬೇಕು, ಅದಕ್ಕೆ ಹತ್ತು ಸೆಕೆಂಡು. ನಾನು ಎಣಿಸಿದೆ. ಹತ್ತಾಯಿತು. ಹನ್ನೊಂದು, ಹನ್ನೆರಡು. ನೋಯೆಲ್ಲಾ ಕಣ್ಣು ಮುಚ್ಚಿಕೊಂಡಿದ್ದಳು. ಹದಿನಾಲ್ಕಕ್ಕೆ ಗಾಲಿಗಳು ಮತ್ತೆ ಸದ್ದು ಮಾಡಿದವು, ಹತ್ತಿರ ಬಂದವು, ಕಪ್ಪು ಬಟ್ಟೆಯ ಅಂಚು ಉಬ್ಬಿತು, ರೋಬಾಟ್ ಹೊರಗೆ ಬಂದು ಅವಳ ಸಾಕ್ಸಿನ ಹೆಬ್ಬೆರಳಿಗೆ ತಾಗಿ ನಿಂತಿತು.

ಬಾಯ್ಕೊ ಮೇಷ್ಟ್ರು ಒಳಗೆ ತೂರಿ ಗಾಲಿಯ ಗುರುತಿನಿಂದ ಬಾಟಲಿಯವರೆಗೆ ಗೇಣು ಹಾಕಿ ಬಂದರು. "ನಾಲ್ಕು ಬೆರಳು. ಪಾಸು" ಎಂದರು. ಪುಸ್ತಕದಲ್ಲಿ ಬರೆಯುವಾಗ ಅವರ ಪೆನ್ನು ಎರಡು ಸಲ ತಪ್ಪಿತು.

ಅವಳು ಕುಣಿಯಲಿಲ್ಲ. ಮೇಜಿನ ಹತ್ತಿರ ಹೋಗಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಅಷ್ಟೇ. ಮುಂದಿನ ಪಾಳಿಗೆ ಹತ್ತು ನಿಮಿಷ ಬಿಡುವು. ಅವಳ ಪರೀಕ್ಷೆ ಮುಗಿದಿದ್ದರಿಂದ ಈಗ ನನ್ನ ಬಾಯಿಗೆ ಬೀಗವಿರಲಿಲ್ಲ. ನಾನು ಹೋಗಿ ಎದುರಿಗೆ ಕೂತೆ. ಸಂಜೆಯ ಡಬ್ಬಿ, ಬಗ್ಗಿದ ಕಾಲು, ನನ್ನ ಇಕ್ಕಳ, ಹದಿನಾಲ್ಕನೆಯ ಡ್ರಾಯರು, ಎಲ್ಲವನ್ನೂ ಹೇಳಿದೆ. ಟಾಮ್ಸಿನ್ ನಡುವೆ ಬಂದು ತಪ್ಪು ತನ್ನದೂ ಹೌದೆಂದಳು. ನೋಯೆಲ್ಲಾ ಅವಳ ಕಡೆ ತಿರುಗಲಿಲ್ಲ.

"ಮೂರು ವಾರ" ಎಂದಳು ನನಗೆ. ದನಿ ಏರಲಿಲ್ಲ. "ಮೂರು ವಾರ ನಾನು ದಡ್ಡಿ ಅಂದ್ಕೊಂಡೆ ಮುಮ್ಮು. ಲಾರಿ ಓಡ್ಸೋ ಕೈಗೆ ಇದೆಲ್ಲ ಯಾಕೆ ಅಂದ್ಕೊಂಡೆ. ಮನೇಲಿ ನನ್ನ ಮಗಳಿಗೂ ಹಾಗೇ ಹೇಳಿಬಿಟ್ಟೆ."

"ನೀನು ಬರೆದದ್ದು ಮೊದಲ ದಿನದಿಂದ ಸರಿ ಇತ್ತು."

"ಅದು ಈಗ ಗೊತ್ತಾಯ್ತು."

ಕ್ಷಮೆ ಕೇಳುವ ಮಾತು ನನ್ನ ನಾಲಿಗೆಯ ಮೇಲಿತ್ತು. ಕೇಳಿದೆ ಕೂಡ. ಅವಳು ತನ್ನ ಬೆರಳಿನ ಹಿಂಭಾಗ ನೋಡಿಕೊಂಡಳು. ಚಿಪ್ ತಾಗಿದ ಕಡೆ ಸಣ್ಣಗೆ ಕೆಂಪಾಗಿತ್ತು.

"ಇವತ್ತು ಬೇಡ" ಎಂದಳು. "ಇವತ್ತು ಸಿಟ್ಟೂ ಇದೆ, ಖುಷಿನೂ ಇದೆ. ಎರಡನ್ನೂ ಒಟ್ಟಿಗೆ ಇಟ್ಕೊಳ್ಳೋಕೆ ಬರ್ತಿಲ್ಲ. ನಾಳೆ ಬರ್ತೀನಿ, ಮಾತಾಡೋಣ."

ಸರಿ ಎಂದು ಎದ್ದು ನನ್ನ ಕೋಣೆಗೆ ಬಂದೆ. ಹದಿನಾಲ್ಕನೆಯ ಡ್ರಾಯರನ್ನು ಪೂರ್ತಿ ಹೊರಗೆಳೆದು ನೆಲದ ಮೇಲಿಟ್ಟೆ. ಟಾಮ್ಸಿನ್ ಓಡಿಸಿದ ಮೂರನೆಯದೂ ಸೋತಿತ್ತು, ಅವತ್ತು ಅದರಿಂದ ಯಾರಿಗೂ ಏನೂ ಕೊಡುವಂತಿರಲಿಲ್ಲ.

ಹೊರಗೆ ಬಾಯ್ಕೊ ಮೇಷ್ಟ್ರು ಲೈಲ್‌ನ ಹೆಸರು ಕೂಗಿದರು. ಅವನು ರೋಬಾಟನ್ನು ಸುರಂಗದ ಬಾಯಲ್ಲಿಟ್ಟು ಪ್ಯಾಂಟಿಗೆ ಅಂಗೈ ಒರೆಸಿಕೊಂಡ. ಅವನ ಯಂತ್ರದಲ್ಲಿದ್ದ ಚಿಪ್ ಸುಟ್ಟರೆ ಅವನಿಗೆ ಕೊಡಲು ನನ್ನ ಬಳಿ ಒಂದೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಆಗ ಕಟ್ಟೆಯ ಮೇಲೆ ಚೀಟಿಯೊಂದು ಜಾರಿ ಬಂತು. 'ಮೋಟಾರ್ ಚಿಪ್, ಒಂದು, ವಾಪಸು.' ನೋಯೆಲ್ಲಾ ತನ್ನ ರೋಬಾಟಿನಿಂದ ಅದನ್ನು ಬಿಡಿಸಿ, ಅದೇ ಕಪ್ಪು ಸ್ಪಂಜಿನಲ್ಲಿ ನೆಟ್ಟು ತಂದಿದ್ದಳು. ನನ್ನ ಮುಖ ನೋಡಲಿಲ್ಲ. ಸ್ಪಂಜನ್ನು ಕಟ್ಟೆಯ ಮೇಲಿಟ್ಟು, ಮನೆಗೆ ಹೋಗದೆ, ಕಿಟಕಿಗೆ ಬೆನ್ನು ಮಾಡಿ ಅಲ್ಲೇ ನಿಂತಳು, ಲೈಲ್‌ನ ಗಾಲಿಗಳ ಸದ್ದು ಕೇಳುತ್ತ.